ಪೋರ್ಟ್ ಮಿರರಿಂಗ್ ಮಾಡುವ ಮುನ್ನ

ನೆಟ್‌ವರ್ಕ್ ನಿಧಾನ ಎಂಬ ದೂರು ಬಂದಾಗ ಊಹೆಯ ಮೇಲೆ ಕೇಬಲ್ ಬದಲಿಸುತ್ತ ಕೂರಬೇಡಿ. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಪೋರ್ಟ್ ಮಿರರಿಂಗ್ ಸೌಲಭ್ಯ ಇರುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ಇದರ ಹೆಸರು ಸ್ಪ್ಯಾನ್. ಒಂದು ಪೋರ್ಟಿನಲ್ಲಿ ಓಡಾಡುವ ಪ್ಯಾಕೆಟ್‌ಗಳ ನಕಲನ್ನು ಸ್ವಿಚ್ ಇನ್ನೊಂದು ಪೋರ್ಟಿಗೆ ಕಳಿಸುತ್ತದೆ. ಅಲ್ಲಿಗೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಇರುವ ಲ್ಯಾಪ್‌ಟಾಪ್ ಜೋಡಿಸಿದರೆ ಏನು ನಡೆಯುತ್ತಿದೆ ಎಂದು ಕಣ್ಣಾರೆ ಕಾಣಬಹುದು.

ಮೊದಲು ಲೆಕ್ಕ ಹಾಕಿ. 1 ಗಿಗಾಬಿಟ್ ಪೋರ್ಟಿನಲ್ಲಿ ಹೋಗುವುದು, ಬರುವುದು ಎರಡೂ ಸೇರಿದರೆ ಸೆಕೆಂಡಿಗೆ 2 ಗಿಗಾಬಿಟ್‌ವರೆಗೆ ಆಗಬಹುದು. ನಕಲು ಪಡೆಯುವ ಪೋರ್ಟಿನ ವೇಗವೂ 1 ಗಿಗಾಬಿಟ್ ಆಗಿದ್ದರೆ, ಹಿಡಿಸದ ಪ್ಯಾಕೆಟ್‌ಗಳು ಅಲ್ಲೇ ಬಿದ್ದುಹೋಗುತ್ತವೆ. ವೈರ್‌ಶಾರ್ಕ್‌ನಲ್ಲಿ ಕಾಣದ ಪ್ಯಾಕೆಟ್ ನೆಟ್‌ವರ್ಕಿನಲ್ಲೇ ಕಳೆದುಹೋಯಿತೆಂದು ಆಗ ತೀರ್ಮಾನಿಸಬೇಡಿ. ಬೇಕಾದ ಪೋರ್ಟನ್ನಷ್ಟೇ ಆರಿಸಿ. ಇಡೀ ವಿಲ್ಯಾನ್ ನೋಡಬೇಕಿದ್ದರೆ ಒಳಬರುವ ದಿಕ್ಕನ್ನು ಮಾತ್ರ ತೆಗೆದುಕೊಳ್ಳಿ. ಎರಡೂ ದಿಕ್ಕು ಕೊಟ್ಟರೆ ಒಂದೇ ಪ್ಯಾಕೆಟ್ ಎರಡೆರಡು ಸಲ ಕಾಣಿಸಿಕೊಳ್ಳಬಹುದು.

ನಕಲಿಗೆ ಯಾವಾಗಲೂ ಖಾಲಿ ಪೋರ್ಟನ್ನೇ ಕೊಡಿ. ಸಿಸ್ಕೊ ಕ್ಯಾಟಲಿಸ್ಟ್‌ನಂಥ ಸ್ವಿಚ್‌ಗಳಲ್ಲಿ ಆ ಪೋರ್ಟಿನ ಮಾಮೂಲಿ ಕೆಲಸ ನಿಂತುಬಿಡುತ್ತದೆ. ಕೈತಪ್ಪಿ ಅಪ್‌ಲಿಂಕ್ ಪೋರ್ಟಿನ ನಂಬರ್ ಹಾಕಿದರೆ ಇಡೀ ಮಹಡಿಯ ಸಂಪರ್ಕವೇ ಹೋದೀತು. ದೂರದಿಂದ ಲಾಗಿನ್ ಆಗಿರುವವರು ಎಂಟರ್ ಒತ್ತುವ ಮುನ್ನ ನಂಬರನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಕೊನೆಯದಾಗಿ, ಆ ಪ್ಯಾಕೆಟ್‌ಗಳಲ್ಲಿ ನಿಮ್ಮ ಸಹೋದ್ಯೋಗಿಗಳ ಖಾಸಗಿ ಮಾಹಿತಿಯೂ ಇರುತ್ತದೆ. ಲಿಖಿತ ಅನುಮತಿ ಪಡೆದೇ ಶುರುಮಾಡಿ. ಕೆಲಸ ಮುಗಿದ ಕೂಡಲೇ ಮಿರರಿಂಗ್ ಸೆಷನ್ ತೆಗೆದುಹಾಕಿ, ಬೇಡದ ಕ್ಯಾಪ್ಚರ್ ಫೈಲ್‌ಗಳನ್ನು ಅಳಿಸಿಬಿಡಿ.