ಮದುವೆಯ ಫೋಟೊ ಇದೆ, ಬೆಳಗಿನ ಕಾಫಿಯದ್ದು?

ಯಾರ ಮನೆಯ ಆಲ್ಬಮ್ ತೆರೆದರೂ ಮದುವೆ, ನಾಮಕರಣ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಸಾಲಾಗಿ ಸಿಗುತ್ತವೆ. ಅಜ್ಜಿ ಈಳಿಗೆಮಣೆಯ ಮುಂದೆ ಕೂತು ಹೀರೆಕಾಯಿ ಹೆಚ್ಚುತ್ತಿದ್ದದ್ದು, ಬೆಳಗಿನ ಜಾವ ಬಚ್ಚಲಿನ ಹಂಡೆಗೆ ಉರಿ ಹಾಕುತ್ತಿದ್ದದ್ದು, ಅಪ್ಪ ಜಗಲಿಯ ಮೇಲೆ ಪೇಪರ್ ಹರಡಿಕೊಂಡು ಓದುತ್ತಿದ್ದದ್ದು ಮಾತ್ರ ಎಷ್ಟು ಹುಡುಕಿದರೂ ಇರುವುದಿಲ್ಲ. ಒಂದು ರೋಲಿಗೆ 36 ಚಿತ್ರ ಎಂದು ಎಣಿಸಿ ತೆಗೆಯುತ್ತಿದ್ದ ಕಾಲದಲ್ಲಿ ಈಳಿಗೆಮಣೆಗೆ ಫಿಲಂ ಖರ್ಚು ಮಾಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಈಗ ಆ ಬಡತನವಿಲ್ಲ. ಆದರೂ ನಾವು ಫೋನ್ ಎತ್ತುವುದು ಹಬ್ಬಕ್ಕೆ, ಪ್ರವಾಸಕ್ಕೆ, ಹೋಟೆಲಿನ ತಟ್ಟೆಗೆ. ದಿನನಿತ್ಯದ್ದು ಹೇಗೂ ನಾಳೆಯೂ ಇರುತ್ತದಲ್ಲ ಎಂಬ ಭರವಸೆ. ಮೊದಲು ಮರೆಯಾಗುವುದು ಅದೇ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶದ ಹೆಸರಾಂತ ಪತ್ರಿಕಾ ಛಾಯಾಗ್ರಾಹಕರು, 1977ರಲ್ಲಿ ಪದ್ಮಶ್ರೀ ಪಡೆದವರು. ಇಂದಿಗೂ ಜನ ನೆನೆಯುವುದು ಅವರು ತೆಗೆದ ಮಕ್ಕಳ, ಬೀದಿಯ, ದುಡಿಯುವ ಜನರ ಚಿತ್ರಗಳನ್ನು. ಅವರ ಕೈಚಳಕ ಎಲ್ಲರಿಗೂ ಬರುವುದಿಲ್ಲ, ನಿಜ. ಸಾಧಾರಣವಾದದ್ದನ್ನು ಗಮನಿಸುವ ಅಭ್ಯಾಸವನ್ನು ಮಾತ್ರ ಯಾರು ಬೇಕಾದರೂ ರೂಢಿಸಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ಈಗಾಗಲೇ ಕೈಯಲ್ಲಿರುವ ಫೋನ್ ಮತ್ತು ದಿನಕ್ಕೆ ಐದು ನಿಮಿಷ.

ಏನನ್ನು ತೆಗೆಯಬೇಕು?

ಮೊದಲ ವಾರ ಬೇರೇನೂ ಯೋಚಿಸದೆ ದಿನದ ಒಂದು ಹೊತ್ತನ್ನು ಆರಿಸಿಕೊಳ್ಳಿ. ಬೆಳಗ್ಗೆ ಆರರಿಂದ ಏಳು ಎಂದಿಟ್ಟುಕೊಳ್ಳೋಣ. ಆ ಒಂದು ಗಂಟೆಯಲ್ಲಿ ಮನೆಯಲ್ಲಿ ಏನೇನು ನಡೆಯುತ್ತದೋ ಅದನ್ನಷ್ಟೇ ಹಿಡಿಯಿರಿ: ಬಾಗಿಲಿಗೆ ನೀರು ಹಾಕುವುದು, ರಂಗೋಲಿ, ಹಾಲಿನ ಪ್ಯಾಕೆಟ್, ಡಿಕಾಕ್ಷನ್ ಇಳಿಸುವುದು, ಮಕ್ಕಳ ಟಿಫನ್ ಡಬ್ಬಿ. ಮುಂದಿನ ವಾರ ಸಂಜೆಯ ಹೊತ್ತು. ಆಮೇಲೆ ನೀವು ದಿನಾ ಹಾದುಹೋಗುವ ಜಾಗಗಳು: ಬಸ್ ಸ್ಟಾಪು, ಹೂವಿನ ಗಾಡಿ, ಕಿರಾಣಿ ಅಂಗಡಿ, ಊರಿನಲ್ಲಾದರೆ ಹಾಲಿನ ಡೈರಿ, ವಾರದ ಸಂತೆ, ಅಡಕೆ ಸುಲಿಯುವ ಅಂಗಳ.

ಒಂದೇ ಜಾಗವನ್ನು ವರ್ಷವಿಡೀ ತೆಗೆಯುವುದೂ ಒಳ್ಳೆಯ ಕ್ರಮ. ಹಿತ್ತಿಲಿನ ಹಲಸಿನ ಮರವನ್ನು ತಿಂಗಳಿಗೊಮ್ಮೆ ಅದೇ ಮೆಟ್ಟಿಲ ಮೇಲೆ ನಿಂತು ತೆಗೆದರೆ ಮಳೆ, ಬಿಸಿಲು, ಕಾಯಿ, ಖಾಲಿ ಕೊಂಬೆ ಎಲ್ಲ ತಾನಾಗಿ ದಾಖಲಾಗುತ್ತದೆ. ಬೆಂಗಳೂರಿನಂಥ ಊರಲ್ಲಿ ನಿಮ್ಮ ರಸ್ತೆಯ ತಿರುವನ್ನೇ ಹೀಗೆ ತೆಗೆಯಿರಿ. ಹಳೆಯ ಮನೆ ಹೋಗಿ ಅಪಾರ್ಟ್‌ಮೆಂಟ್ ಏಳುವುದು ಎಷ್ಟು ಬೇಗ ಎಂಬುದು ಅಲ್ಲಿ ವಾಸವಿರುವವರಿಗೇ ಕಾಣುವುದಿಲ್ಲ.

ತೆಗೆಯುವ ಮುನ್ನ ಅಣಿಗೊಳಿಸಲು ಹೋಗಬೇಡಿ. ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್, ಮಾತ್ರೆಯ ಪಟ್ಟಿ, ಕುಕ್ಕರ್ ಮೇಲಿನ ಮಸಿ, ಬಾಗಿಲ ಹಿಂದೆ ನೇತಾಡುವ ಛತ್ರಿ, ಇವು ಚೌಕಟ್ಟಿನೊಳಗೇ ಇರಲಿ. ಇಪ್ಪತ್ತು ವರ್ಷ ಕಳೆದ ಮೇಲೆ ಮನೆಯವರು ಬೆರಳಿಟ್ಟು ತೋರಿಸುವುದು ಇವನ್ನೇ.

ತೆಗೆಯುವ ಬಗೆ

ಫೋನಿನ ಲೆನ್ಸ್ ಅನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಜೇಬಿನ, ಅಡುಗೆಮನೆಯ ಜಿಡ್ಡು ಕೂತ ಲೆನ್ಸ್‌ನಿಂದ ಎಷ್ಟು ಒಳ್ಳೆಯ ಫೋನ್ ಆದರೂ ಮಸುಕು ಚಿತ್ರವೇ ಬರುತ್ತದೆ. ಫ್ಲ್ಯಾಶ್ ಆಫ್ ಮಾಡಿ, ಕಿಟಕಿಯ ಬೆಳಕು ಮುಖದ ಮೇಲೆ ಒಂದು ಪಕ್ಕದಿಂದ ಬೀಳುವಂತೆ ನಿಲ್ಲಿ. ಬೆರಳಿನಿಂದ ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ನೆಲದ ಮೇಲೆ ಕೂತವರನ್ನು ತೆಗೆಯುವಾಗ ನೀವೂ ಕೂರಿ, ಮೇಲಿನಿಂದ ಬಗ್ಗಿ ತೆಗೆದರೆ ಬರೀ ನೆತ್ತಿ ಕಾಣುತ್ತದೆ.

ಒಂದು ಕೆಲಸಕ್ಕೆ ಮೂರು ಚಿತ್ರ ಸಾಕು. ದೂರದಿಂದ ಒಂದು, ಇಡೀ ಜಾಗ ಕಾಣುವಂತೆ. ಹತ್ತಿರದಿಂದ ಇನ್ನೊಂದು, ಮನುಷ್ಯರು ಕಾಣುವಂತೆ. ಮೂರನೆಯದು ಕೈಗಳದ್ದು. ರೊಟ್ಟಿ ತಟ್ಟುವ, ಹೂ ಕಟ್ಟುವ, ಬೀಡಿ ಸುತ್ತುವ ಕೈಗಳು ಮುಖದಷ್ಟೇ ಹೇಳುತ್ತವೆ. ‘ಸ್ವಲ್ಪ ನಗಿ’ ಎನ್ನಬೇಡಿ. ಹಾಗೆಂದ ಕೂಡಲೇ ಕೆಲಸ ನಿಂತು ಫೋಟೊಕ್ಕೆ ಪೋಸ್ ಶುರುವಾಗುತ್ತದೆ.

ಆದರೆ ಕೇಳದೆ ತೆಗೆಯುವುದು ಬೇರೆ ಮಾತು, ಅದು ಸಲ್ಲದು. ‘ಅಮ್ಮಾ, ನೀವು ಹೂ ಕಟ್ಟೋದನ್ನ ಒಂದು ಫೋಟೊ ತೆಗೀಲಾ?’ ಎಂದು ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ. ತೆಗೆಸಿಕೊಂಡವರಿಗೆ ಮುಂದಿನ ಸಲ ಒಂದು ಪ್ರಿಂಟ್ ತಂದುಕೊಡಿ, ಅದು ಕರ್ತವ್ಯವೇ. ಮನೆಗೆಲಸಕ್ಕೆ ಬರುವವರು ನಿಮ್ಮ ಮುಲಾಜಿಗೆ ಒಪ್ಪಿಕೊಳ್ಳುವ ಸಾಧ್ಯತೆ ಇರುತ್ತದೆ, ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಮಕ್ಕಳ ಸ್ನಾನ, ಕಾಯಿಲೆಯವರ ಹಾಸಿಗೆ, ಅಳುವ ಮುಖ ಇವನ್ನು ಎಲ್ಲೂ ಹಂಚಬೇಡಿ.

ಟಿಪ್ಪಣಿ ಇಲ್ಲದಿದ್ದರೆ ಫೋಟೊ ಮೂಕ

ಇಡೀ ಕೆಲಸದಲ್ಲಿ ಬಹುಪಾಲು ಜನ ಬಿಟ್ಟುಬಿಡುವುದು ಇದನ್ನೇ, ನನ್ನ ಲೆಕ್ಕದಲ್ಲಿ ಮುಖ್ಯವಾದದ್ದೂ ಇದೇ. ಫೋಟೊ ತೆಗೆದ ದಿನವೇ, ಮಲಗುವ ಮುನ್ನ, ಎರಡು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಯಾರು, ಎಲ್ಲಿ, ಯಾವಾಗ. ಎರಡನೆಯದರಲ್ಲಿ ಫೋಟೊದಲ್ಲಿ ಕಾಣದ ಒಂದು ಸಂಗತಿ: ವಾಸನೆ, ಸದ್ದು, ಬೆಲೆ, ಆ ಹೊತ್ತಿನಲ್ಲಿ ಯಾರೋ ಆಡಿದ ಮಾತು. ‘ಸುಂದರ ಮುಂಜಾವು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಹೀಗೆ ಬರೆದು ನೋಡಿ:

‘ಅಮ್ಮ, ಅಡುಗೆಮನೆ, ಬೆಳಗ್ಗೆ 6.40. ಡಿಕಾಕ್ಷನ್ ಇಳಿಯುವವರೆಗೆ ಯಾರೂ ಮಾತಾಡಿಸುವ ಹಾಗಿಲ್ಲ. ರೇಡಿಯೊ ಮಾತ್ರ ಹಾಡುತ್ತಿತ್ತು.’

‘ಸಂತೆಯಲ್ಲಿ ಸೊಪ್ಪಿನವರು. ಮಳೆ ಬರುವ ಹಾಗಿತ್ತು, ಕಟ್ಟಿಗೊಂದು ಕಟ್ಟು ಕೊಸರು ಹಾಕಿ ಖಾಲಿ ಮಾಡುತ್ತಿದ್ದರು.’

ಹೆಸರಿನ ವಿಷಯದಲ್ಲಿ ನಮ್ಮ ಮನೆಗಳಿಗೆ ವಿಶೇಷ ಎಚ್ಚರ ಬೇಕು. ‘ದೊಡ್ಡಪ್ಪ’, ‘ಅತ್ತೆ’, ‘ಚಿಕ್ಕಿ’ ಎಂದು ಬರೆದಿಟ್ಟರೆ ಇವತ್ತು ನಿಮಗೆ ಗೊತ್ತಾಗುತ್ತದೆ. ಮೊಮ್ಮಕ್ಕಳು ಓದುವಾಗ ಯಾರ ದೊಡ್ಡಪ್ಪ, ಯಾವ ಅತ್ತೆ? ಪೂರ್ತಿ ಹೆಸರು, ಊರು, ಯಾರ ಕಡೆಯಿಂದ ಏನಾಗಬೇಕು ಎಂಬುದನ್ನು ಒಮ್ಮೆಯಾದರೂ ಬರೆಯಿರಿ. ಹಳೆಯ ಕಪ್ಪುಬಿಳುಪು ಫೋಟೊಗಳಿದ್ದರೆ ಮನೆಯ ಹಿರಿಯರ ಜೊತೆ ಕೂತು ಮುಖಗಳನ್ನು ಗುರುತಿಸುವ ಕೆಲಸವನ್ನು ಮುಂದೂಡಬೇಡಿ.

ಬರೆಯುವುದೆಲ್ಲಿ? ಐಫೋನಿನಲ್ಲೂ ಗೂಗಲ್ ಫೋಟೋಸ್‌ನಲ್ಲೂ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಟಿಪ್ಪಣಿ ಬರೆಯಲು ಜಾಗ ಸಿಗುತ್ತದೆ. ಟೈಪ್ ಮಾಡುವುದು ಕಷ್ಟವೆನಿಸುವ ಹಿರಿಯರು ಜಿಬೋರ್ಡ್ ಕೀಲಿಮಣೆಯಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು, ಅಕ್ಷರ ತಾನೇ ಮೂಡುತ್ತದೆ. ಆದರೆ ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆ ಚಿತ್ರದ ಕಡತದೊಳಗೆ ಸೇರುವುದಿಲ್ಲ, ಬೇರೆಯಾಗಿ ಉಳಿಯುತ್ತದೆ. ಚಿತ್ರವನ್ನು ಬೇರೆ ಕಡೆ ಕಳಿಸಿದರೆ ಟಿಪ್ಪಣಿ ಜೊತೆಗೆ ಹೋಗುವುದಿಲ್ಲ. ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ಕೇ ನನಗೆ ಹೆಚ್ಚು ನಂಬಿಕೆಯದ್ದು. ದಿನಾಂಕ ಹಾಕಿ ಬರೆದರೆ ಫೋಟೊದ ಜೊತೆ ಹೊಂದಿಸುವುದು ಸುಲಭ.

ಉಳಿಸುವುದು

ಭಾನುವಾರ ಅರ್ಧ ಗಂಟೆ ಕೂತು ವಾರದ ಚಿತ್ರಗಳನ್ನು ಸೋಸಿ. ಅಲುಗಿದ್ದು, ಒಂದೇ ಥರದ್ದು, ಗುಡ್ ಮಾರ್ನಿಂಗ್ ಚಿತ್ರಗಳು ಹೋಗಲಿ. ಐದಾರು ಉಳಿದರೆ ಹೆಚ್ಚಾಯಿತು.

ಉಳಿದವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡರೆ ಸಾಕೆಂದು ಭಾವಿಸಬೇಡಿ. ಅಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ತೆಗೆದ ದಿನಾಂಕ, ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಕಳಿಸಲೇಬೇಕಿದ್ದರೆ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿ, ಮೂಲ ಕಡತವೇ ತಲುಪುತ್ತದೆ. ಆಗ ಮನೆಯ ಸ್ಥಳದ ಮಾಹಿತಿಯೂ ಜೊತೆಗೆ ಹೋಗಬಹುದು, ಗುರುತಿನವರಿಗಷ್ಟೇ ಕಳಿಸಿ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿದಿದೆ. ಈಗ ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಫೋಟೊ ಮೂರೂ ಹಂಚಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ‘2025-06’ ಎಂಬಂತೆ ವರ್ಷ, ತಿಂಗಳ ಹೆಸರಿನ ಫೋಲ್ಡರ್ ಮಾಡಿ ಹಾಕಿಡಿ. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ.

ತಿಂಗಳಿಗೆ ಹತ್ತಾದರೂ ಪ್ರಿಂಟ್ ಹಾಕಿಸಿ. 4×6 ಇಂಚಿನ ಒಳ್ಳೆಯ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು, ಸಾಧಾರಣ ಫೋನಿನ ಚಿತ್ರವೂ ಅದಕ್ಕಿಂತ ಎಷ್ಟೋ ದೊಡ್ಡದಿರುತ್ತದೆ. ಹಿಂಬದಿಯಲ್ಲಿ ಬಾಲ್‌ಪೆನ್ ಒತ್ತಿ ಬರೆಯಬೇಡಿ, ಮುಂದೆ ಗುರುತು ಏಳುತ್ತದೆ. ಟಿಪ್ಪಣಿಯನ್ನು ಪುಟ್ಟ ಚೀಟಿಯಲ್ಲಿ ಬರೆದು ಪ್ರಿಂಟಿನ ಪಕ್ಕದಲ್ಲೇ ಸೇರಿಸಿ. ಅಂಟು ಹಾಳೆಯ ಆಲ್ಬಮ್ ಬೇಡ, ಆ ಅಂಟು ವರ್ಷಗಳು ಕಳೆದಂತೆ ಫೋಟೊವನ್ನು ಹಳದಿಯಾಗಿಸುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಮಲೆನಾಡು, ಕರಾವಳಿಯವರು ಆಲ್ಬಮ್ ಇಡುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೆರಳಿನಲ್ಲಿ ಗಾಳಿಯಾಡಿಸಿ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಮೊದಲ ವಾರವನ್ನು ಅವರ ದಿನಚರಿಗೇ ಮೀಸಲಿಡಿ. ಇವತ್ತು ಸಂಜೆ ಅವರು ಕೂರುವ ಕುರ್ಚಿ, ಅವರ ಕನ್ನಡಕದ ಡಬ್ಬಿ, ಅವರ ಕೈ, ಈ ಮೂರು ಚಿತ್ರ ತೆಗೆದು, ಅವರಾಡಿದ ಒಂದು ಮಾತನ್ನು ಅವರಾಡಿದಂತೆಯೇ ಬರೆದಿಡಿ.