ಹೊಂಬುಜ: ಅಳಿದ ರಾಜಧಾನಿ, ಉಳಿದ ಧರ್ಮ

ಶಿವಮೊಗ್ಗ, ಭದ್ರಾವತಿಗಳ ಶ್ರಾವಕ-ಶ್ರಾವಿಕೆಯರು ಪದ್ಮಾವತೀ ಅಮ್ಮನವರ ದರ್ಶನಕ್ಕೆ ಹೋಗುವ ಹೊಂಬುಜವು ಒಂದು ಕಾಲಕ್ಕೆ ಸಾಂತರ ಅರಸರ ರಾಜಧಾನಿಯಾಗಿದ್ದಿತು. ಶಾಸನಗಳಲ್ಲಿ ಬರುವ ಪೊಂಬುರ್ಚವೇ ಈ ಊರು. ಉತ್ತರ ಮಧುರೆಯಿಂದ ಬಂದ ಜಿನದತ್ತರಾಯನು ವೈರಿಗಳನ್ನು ಗೆದ್ದು, ದೇವಿಯ ಅನುಗ್ರಹದಿಂದ ಕಬ್ಬಿಣವು ಹೊನ್ನಾಗಲು, ಲಕ್ಕಿಯ ಮರವಿದ್ದೆಡೆಯಲ್ಲಿ ಪಟ್ಟಣವನ್ನು ಕಟ್ಟಿದನೆಂಬುದು ಪರಂಪರೆಯ ಕಥನ. ಅವನ ವಂಶಜರೆನಿಸಿದ ಸಾಂತರರು ಇಲ್ಲಿಂದ ಸಾಂತಳಿಗೆ ಸಾಸಿರವನ್ನು ಆಳಿದರು.

ಹನ್ನೊಂದನೆಯ ಶತಮಾನವು ಈ ಪಟ್ಟಣದ ಉಚ್ಛ್ರಾಯ ಕಾಲ. ಕ್ರಿ.ಶ. 1062ರಲ್ಲಿ ವರ್ತಕಶ್ರೇಷ್ಠನಾದ ಪಟ್ಟಣಸಾಮಿ ನೊಕ್ಕಯ್ಯಶೆಟ್ಟಿಯು ಜಿನಾಲಯವನ್ನು ಕಟ್ಟಿಸಿದನು, ಕೆರೆಗಳನ್ನೂ ನಿರ್ಮಿಸಿದನು. ಪತಿಪುತ್ರರನ್ನು ಕಳೆದುಕೊಂಡ ಚಟ್ಟಲದೇವಿಯು, ತೀರಿಹೋದ ಸೋದರಿಯ ನಾಲ್ವರು ಮಕ್ಕಳನ್ನು ತನ್ನವರೆಂದೇ ಸಾಕಿದಳು. 1077ರಲ್ಲಿ ಉರ್ವೀತಿಲಕವೆಂಬ ಪಂಚಕೂಟ ಬಸದಿಯನ್ನು ಎತ್ತಿಸಿದಳು. ಕೆರೆ, ಬಾವಿ, ಅರವಟ್ಟಿಗೆ, ಸತ್ರಗಳೂ ಅವಳ ಧರ್ಮಕಾರ್ಯಗಳಾಗಿದ್ದುವು.

ಕಾಲಾಂತರದಲ್ಲಿ ಸಾಂತರರ ಆಳ್ವಿಕೆಯು ಕಳಸ, ಕಾರ್ಕಳಗಳತ್ತ ಸರಿಯಿತು. ರಾಜಧಾನಿಯೆಂಬ ಪದವಿ ಹೋಯಿತು, ಪಟ್ಟಣವು ಹಳ್ಳಿಯಾಯಿತು. ಆದರೆ ಪಂಚಕೂಟ ಬಸದಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಗೆದ್ದ ನಾಡು ಗೆದ್ದವರ ಕೈಬಿಟ್ಟಿತು. ಶೋಕದಲ್ಲಿದ್ದ ಒಬ್ಬ ತಾಯಿ ಕೊಟ್ಟದ್ದು ಸಾವಿರ ವರುಷಗಳ ಸಮೀಪಕ್ಕೆ ಬಂದು ನಿಂತಿದೆ.

ವ್ರತಧಾರಿಗಳು ಇಲ್ಲಿ ವಿಚಾರಿಸತಕ್ಕುದು ಪರಿಗ್ರಹ ಪರಿಮಾಣವನ್ನು. ಹೊಲ, ಮನೆ, ಹೊನ್ನು, ಧಾನ್ಯಗಳಲ್ಲಿ ‘ನನಗೆ ಇಷ್ಟು ಸಾಕು’ ಎಂದು ಎಲ್ಲೆ ಗೊತ್ತುಮಾಡಿಕೊಳ್ಳುವುದೇ ಆ ಅಣುವ್ರತ. ಅಷ್ಟಮಿ-ಚತುರ್ದಶಿಗಳಂದು ಉಪವಾಸವಿದ್ದು, ಉಳಿದ ದಿನಗಳಲ್ಲಿ ಎಲ್ಲೆಯಿಲ್ಲದೆ ಕೂಡಿಡುತ್ತ ಹೋದರೆ ವ್ರತವು ಪೂರ್ಣವಾಗದು. ಮಿಕ್ಕದ್ದನ್ನು ಆಹಾರ, ಔಷಧ, ಶಾಸ್ತ್ರ, ಅಭಯದಾನಗಳಿಗೆ ವಿನಿಯೋಗಿಸುವುದು ಗೃಹಸ್ಥನಿಗೆ ಭೂಷಣ. ಮುಂದಿನ ಬಾರಿ ಹೊಂಬುಜಕ್ಕೆ ಹೋದಾಗ ಅಮ್ಮನವರ ದರ್ಶನದ ಬಳಿಕ ಪಂಚಕೂಟ ಬಸದಿಯಲ್ಲಿ ಕ್ಷಣಕಾಲ ಕುಳಿತು, ತಮ್ಮ ಎಲ್ಲೆ ಯಾವುದೆಂದು ನಿಶ್ಚಯಿಸಿ ಬರಬೇಕು.