ವಸಂತದ ಹಕ್ಕಿಗಳು ಮತ್ತು ಛಾಯಾಗ್ರಹಣ

ಚೈತ್ರ ವೈಶಾಖಗಳು ವಸಂತ ಋತುವೆಂಬುದು ಸರ್ವವಿದಿತ. ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಸೇರಿರುವುದರಿಂದ, ವಸಂತವನ್ನೂ ಅದರ ದೂತನೆನಿಸಿದ ಕೋಗಿಲೆಯನ್ನೂ ಬಣ್ಣಿಸದ ಪ್ರಾಚೀನ ಕನ್ನಡ ಕವಿಗಳು ವಿರಳ. ಮಾವಿನ ಚಿಗುರನ್ನು ಮೆದ್ದು ಕೋಗಿಲೆಯ ಕೊರಳು ಇಂಪಾಗುತ್ತದೆಂಬುದು ಕವಿಸಮಯ. ಆದರೆ ಅಮರಸಿಂಹನು ಅದೇ ಹಕ್ಕಿಗೆ ಹೇಳಿರುವ ‘ಪರಭೃತ’ ಎಂಬ ಹೆಸರು ಕವಿಸಮಯವಲ್ಲ; ಕಣ್ಣಾರೆ ಕಂಡು ಇಟ್ಟ ಹೆಸರು. ಪರರಿಂದ ಪೋಷಿತವಾದುದು ಪರಭೃತ, ಅಂದರೆ ಕೋಗಿಲೆ. ಪರರನ್ನು ಪೋಷಿಸುವುದು ಪರಭೃತ್, ಅಂದರೆ ಕಾಗೆ. ಒಂದು ಸ್ವರದ ಅಂತರದಲ್ಲಿ ಎರಡು ಹಕ್ಕಿಗಳ ಸಂಬಂಧವೆಲ್ಲ ಅಡಗಿದೆ. ಕಪ್ಪು ಕಾಗೆಯೊಂದು ಬಾಯ್ದೆರೆದ ಕೋಗಿಲೆಮರಿಗೆ ಗುಟುಕು ಕೊಡುತ್ತಿರುವ ಛಾಯಾಚಿತ್ರವನ್ನು ಕಂಡ ವಿದ್ಯಾರ್ಥಿಗೆ ಈ ಎರಡು ಶಬ್ದಗಳನ್ನು ಬಾಯಿಪಾಠ ಮಾಡಿಸುವ ಶ್ರಮವಿಲ್ಲ.

ಇಂತಹ ಪಾಠಕ್ಕೆ ಹೇಮಗಿರಿಯ ಸುತ್ತಣ ಸೀಮೆ ಪ್ರಶಸ್ತವಾದುದು. ಕೃಷ್ಣರಾಜಪೇಟೆ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಬೆಟ್ಟವೂ ಹೇಮಾವತಿ ನದಿಯೂ ಅಣೆಕಟ್ಟೂ ಒಂದೆಡೆ ಕೂಡಿವೆ. ನಾಲೆಯ ನೀರು ಹರಿದಲ್ಲಿ ಗದ್ದೆ, ಕಬ್ಬು, ತೆಂಗು, ಹರಿಯದಲ್ಲಿ ಕುರುಚಲು. ಆಚೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಅರಣ್ಯ 1974ರಲ್ಲಿಯೂ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಗಳ ನೆಲೆ 1981ರಲ್ಲಿಯೂ ರಕ್ಷಿತಧಾಮಗಳಾದವು. ಇದೇ ಹೇಮಾವತಿ ಹುಟ್ಟುವ ಮೂಡಿಗೆರೆಯ ಸೀಮೆಯಲ್ಲಿ ನೆಲೆಸಿ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರು (1938–2007), ‘ಮಿಂಚುಳ್ಳಿ’, ‘ಹಕ್ಕಿ ಪುಕ್ಕ’ ಮುಂತಾದ ಕೃತಿಗಳಿಂದ ಈ ಕಲೆಯನ್ನು ಕನ್ನಡಕ್ಕೆ ಒಗ್ಗಿಸಿದರು. ಟಿ. ಎನ್. ಎ. ಪೆರುಮಾಳ್ (1932–2017), ಸಂಡೂರಿನ ಎಂ. ವೈ. ಘೋರ್ಪಡೆ (1931–2011) ಅವರ ಹೆಸರುಗಳೂ ಈ ಪ್ರಸಂಗದಲ್ಲಿ ಸ್ಮರಣೀಯ.

ಆದರೆ ಕಲಿಯುವವನು ಕಾಡಿಗೆ ಹೋಗಬೇಕಾದುದಿಲ್ಲ. ಎಲೆಯುದುರಿದ ಮುತ್ತುಗ ಹೂತು ನಿಂತಾಗ ಅದರ ಬುಡದಿಂದ ಹತ್ತಿಪ್ಪತ್ತು ಮಾರು ದೂರದಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಬೆಳಗಿನ ಮೊದಲೆರಡು ಗಂಟೆ ಅಲುಗಾಡದೆ ಕುಳಿತರೆ ಸಾಕು. ಸೂರಕ್ಕಿ, ಗೊರವಂಕ, ಪಿಕಳಾರ, ಕಾಜಾಣ, ಗಿಳಿ, ಒಂದಾದ ಮೇಲೊಂದು ತಾವಾಗಿಯೇ ಬರುತ್ತವೆ. ಬೇಲಿಯ ಮೇಲೆ ಕೆಂಪೇರಿದ ಕತ್ತನ್ನು ಕುಣಿಸುವ ಓತಿಕ್ಯಾತನೂ ಚಿತ್ರಕ್ಕೆ ಅಯೋಗ್ಯನಲ್ಲ. ಕುಳಿತ ಹಕ್ಕಿಗೆ ಸೆಕೆಂಡಿನ 250ನೆಯ ಒಂದು ಭಾಗದ ಬೆಳಕು ಸಾಕಾದರೆ, ಹಾರುವ ಹಕ್ಕಿಗೆ 1000ನೆಯ ಒಂದು ಭಾಗವಾದರೂ ಬೇಕು. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟದಲ್ಲಿರಲಿ. ಕಣ್ಣು ಸ್ಫುಟವಾಗಿ ಮೂಡದಿದ್ದರೆ ಉಳಿದ ಗರಿಗಳೆಲ್ಲ ಸ್ಫುಟವಾಗಿದ್ದೂ ಚಿತ್ರ ನಿರ್ಜೀವ. ಉಪಕರಣದ ಮಾತು ಇಷ್ಟು ಸಾಕು. ಅಂಗಡಿಯವನು ಉಳಿದುದನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಹೇಳುತ್ತಾನೆ.

ಕಷ್ಟ ಬರುವುದು ಗೂಡಿನ ವಿಷಯದಲ್ಲಿ. ವಸಂತವು ಹಕ್ಕಿಗಳ ಹಾಡಿನ ಕಾಲವಾಗಿರುವುದೇ ಅದು ಅವುಗಳ ಸಂತಾನದ ಕಾಲವಾದ್ದರಿಂದ. ಹಿಂದೆ ಛಾಯಾಗ್ರಾಹಕರು ಗೂಡಿನ ಮುಂದೆಯೇ ಮರೆ ಕಟ್ಟಿ ಕೂರುತ್ತಿದ್ದರು. ಅದಕ್ಕೆ ಕಾರಣವಿತ್ತು: ಅಂದಿನ ಫಿಲ್ಮು ಮಂದಗತಿಯದು, ದೂರದ ಮಸೂರಗಳು ದುರ್ಲಭ, ಹಕ್ಕಿ ಖಂಡಿತವಾಗಿ ಮರಳಿ ಬರುವ ತಾವು ಗೂಡೊಂದೇ. ಅವರಲ್ಲಿ ಬಲ್ಲವರು ಮರೆಯನ್ನು ದಿನಕ್ಕಿಷ್ಟೆಂದು ಹತ್ತಿರಕ್ಕೆ ಸರಿಸುತ್ತ, ಹಕ್ಕಿ ಅದನ್ನು ಒಪ್ಪಿಕೊಳ್ಳುವವರೆಗೆ ಕಾಯುತ್ತಿದ್ದರು. ಇಂದು 400 ಮಿಲಿಮೀಟರಿನ ಮಸೂರವೂ ಮಸಕು ಬೆಳಕಿನಲ್ಲಿ ಚಿತ್ರ ಹಿಡಿಯುವ ಡಿಜಿಟಲ್ ಕ್ಯಾಮೆರಾವೂ ಹವ್ಯಾಸಿಗಳ ಕೈಯಲ್ಲಿವೆ. ಕಾರಣ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ. ತಾಳ್ಮೆಯೂ ಹೋಗಿದೆಯೆಂದು ಸೇರಿಸಬೇಕಾಗಿರುವುದು ಖೇದಕರ.

ದಾಸವಾಳದ ರೆಂಬೆಯಿಂದ ತೂಗುವ ಸೂರಕ್ಕಿಯ ಗೂಡನ್ನೇ ನೋಡಬಹುದು. ಹೆಣ್ಣುಹಕ್ಕಿ ಜೇಡರ ಬಲೆಯ ಎಳೆಗಳಿಂದ ನಾರು, ತೊಗಟೆಯ ಚೂರುಗಳನ್ನು ಬಿಗಿದು, ಎಲೆಯ ಮರೆಯಲ್ಲಿ ಅದನ್ನು ಕಟ್ಟಿರುತ್ತದೆ. ಚಿತ್ರ ನಿಚ್ಚಳವಾಗಲೆಂದು ಅಡ್ಡಬಂದ ನಾಲ್ಕು ಎಲೆಗಳನ್ನು ಚಿವುಟಿದರೆ, ಮಧ್ಯಾಹ್ನದ ಬಿಸಿಲು ನೇರವಾಗಿ ಗೂಡಿನ ಮೇಲೆ ಬೀಳುತ್ತದೆ. ಕಾಗೆಗೆ ದಾರಿ ಕಾಣುತ್ತದೆ. ಎರಡೇ ಮರಿಗಳ ಸಂಸಾರ ಒಂದು ಹಗಲಿನಲ್ಲಿ ಮುಗಿಯಬಹುದು, ಚಿತ್ರವು ಮಾತ್ರ ಗೋಡೆಯ ಮೇಲೆ ಶೋಭಿಸುತ್ತದೆ. ಈಚೆಗೆ ಮೊಬೈಲಿನಿಂದ ಹಕ್ಕಿಯ ಧ್ವನಿಯನ್ನು ಹೊರಡಿಸಿ ಹಕ್ಕಿಯನ್ನು ಕರೆಯುವ ಪದ್ಧತಿಯೂ ಬಂದಿದೆ. ತನ್ನ ಎಲ್ಲೆಯೊಳಗೆ ವೈರಿ ಹೊಕ್ಕನೆಂದು ಬಗೆದ ಮಡಿವಾಳ ಹಕ್ಕಿ ಗೂಡಿನ ಕೆಲಸ ಬಿಟ್ಟು, ಇಲ್ಲದ ಶತ್ರುವಿನೊಡನೆ ಕಾದಾಡುತ್ತದೆ. ಗೂಡು ಮೊಟ್ಟೆಗಳಿಗೆ ಹಾನಿಮಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಡೆಯುತ್ತದೆ. ಅನೇಕ ಚಿತ್ರಸ್ಪರ್ಧೆಗಳೂ ಗೂಡಿನ ಚಿತ್ರಗಳನ್ನು ಈಗ ಸ್ವೀಕರಿಸುವುದಿಲ್ಲ.

ಹಾಗಾದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಗೂಡುಗಳನ್ನು ಚಿತ್ರಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವಾಗಿಸಿದ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಕರ್ನಾಟಕಕ್ಕೆ ಆ ಗೌರವವನ್ನು ಮೊದಲು ತಂದ ಆ ನಡುಗಡ್ಡೆಗಳಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕುಗಳು ಸಾಲುಸಾಲಾಗಿ ಗೂಡು ಕಟ್ಟುತ್ತವೆ. ಅಲ್ಲಿ ಹಕ್ಕಿಗಳು ದೋಣಿಯನ್ನು ದಿನವೂ ಕಂಡಿವೆ. ದೋಣಿ ತನ್ನ ದಾರಿಯಲ್ಲಿ ಸಾಗುತ್ತದೆ, ನಡುವೆ ನೀರಿದೆ, ಯಾರೂ ಗಡ್ಡೆಯ ಮೇಲೆ ಕಾಲಿಡುವಂತಿಲ್ಲ. ಅಲ್ಲಿ ಸಲ್ಲುವ ಸಲಿಗೆ ಹಿತ್ತಲಿನ ಗೂಡಿಗೆ ಸಲ್ಲದು.

ಹೇಮಗಿರಿಯ ಸುತ್ತಣ ಬಯಲಿಗಂತೂ ಸಲ್ಲಲೇ ಸಲ್ಲದು. ಅಲ್ಲಿ ಕಲ್ಲುಜಲ್ಲಿಯ ನಡುವೆ ಟಿಟ್ಟಿಭ ಮೊಟ್ಟೆಯಿಡುತ್ತದೆ. ಪಂಚತಂತ್ರದಲ್ಲಿ ಸಮುದ್ರವೇ ಈ ಹಕ್ಕಿಯ ಮೊಟ್ಟೆಗಳನ್ನು ಕೊಂಡೊಯ್ಯಲು, ಅದರ ಮೊರೆ ಗರುಡನನ್ನೂ ದಾಟಿ ವಿಷ್ಣುವನ್ನು ಮುಟ್ಟಿತೆಂಬ ಕಥೆ ಪ್ರಸಿದ್ಧ. ಗೂಡೆಂಬುದಿಲ್ಲ, ಬರಿಯ ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಬಣ್ಣ ಸುತ್ತಣ ಹರಳುಗಳದೇ. ಸುಮಾರು ನಾಲ್ಕು ವಾರ ತಂದೆತಾಯಿಗಳು ಸರದಿಯಿಂದ ಕೂರುತ್ತವೆ. ಬಿಸಿಲು ಅತಿಯಾದಾಗ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುತ್ತವೆ. ಅಲ್ಲಿ ಕಾವು ಕೊಡುವುದೆಂದರೆ ನೆರಳು ಕೊಡುವುದೂ ಹೌದು. ವೈಶಾಖದ ಮಧ್ಯಾಹ್ನ ಚಿತ್ರದಾಸೆಯಿಂದ ಒಬ್ಬನು ಅರ್ಧ ಗಂಟೆ ಅಲ್ಲಿ ನಿಂತನೆಂದರೆ, ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತುವಷ್ಟು ಹೊತ್ತೂ ಮೊಟ್ಟೆಗಳು ಕಾದ ಕಲ್ಲಿನ ಮೇಲೆ ಬೇಯುತ್ತವೆ. ಕಲ್ಲೆಂದೇ ಬಗೆದು ಅವನ್ನು ಮೆಟ್ಟುವ ಸಂಭವವೂ ಉಂಟು.

ಆ ಕೂಗು ಕೇಳಿದೊಡನೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ ದೂರದ ಹೊಂಗೆಯ ನೆರಳನ್ನು ಸೇರಿದವನಿಗೆ, ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಇಳಿಯುವುದು ಕಾಣುತ್ತದೆ. ಅದು ನೇರವಾಗಿ ಮೊಟ್ಟೆಗಳ ಬಳಿ ಇಳಿಯುವುದಿಲ್ಲ. ಅತ್ತಿತ್ತ ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ, ಕಡೆಗೆ ಗರಿಗಳನ್ನು ಸಡಿಲಿಸಿ ಕೂರುತ್ತದೆ. ಅಲ್ಲಿಂದ ತೆಗೆದ ಚಿತ್ರದಲ್ಲಿ ಟಿಟ್ಟಿಭವು ಹೆಬ್ಬೆರಳಿನ ಉಗುರಿನಷ್ಟೇ ಆಗಿ, ಸುತ್ತ ಕಲ್ಲೂ ಬಯಲೂ ಬಿಸಿಲೂ ತುಂಬಿಕೊಂಡಿರುತ್ತವೆ, ಮೊಟ್ಟೆಗಳು ಕಾಣುವುದಿಲ್ಲ.